‘ಅಮೇಡಿಯಸ್’ ಹುಡುಕುವ ಮೊದಲು ನಿಮಿಷ ಎಣಿಸಿ

‘ಅಮೇಡಿಯಸ್’ ಎಲ್ಲಿ ಸಿಗುತ್ತದೆ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುತ್ತೇನೆ: ಯಾವ ‘ಅಮೇಡಿಯಸ್’?

ಸುಮ್ನೆ ಕೊಂಕು ಅಲ್ಲ ಇದು. ಹೆಸರು ಟೈಪ್ ಮಾಡಿದರೆ ಈಗ 2025ರ ಹೊಸ ಸರಣಿಯೂ ಬರುತ್ತದೆ, ವಿಲ್ ಶಾರ್ಪ್ ಸಂಗೀತಗಾರ ಮೊಜಾರ್ಟ್ ಆಗಿರುವುದು. ನಾನು ಹೇಳುವುದು ಮಿಲೋಶ್ ಫೋರ್ಮನ್ 1984ರಲ್ಲಿ ಮಾಡಿದ, ಎಂಟು ಆಸ್ಕರ್ ಗೆದ್ದ ಸಿನಿಮಾ. ಅದರಲ್ಲೂ ಎರಡು ಕಟ್, ಅಂದರೆ ಎರಡು ಆವೃತ್ತಿ ಇವೆ! ಥಿಯೇಟರಿಗೆ ಬಂದಿದ್ದು ಸುಮಾರು 160 ನಿಮಿಷ. 2002ರಲ್ಲಿ ಇನ್ನೊಂದು 20 ನಿಮಿಷ ಸೇರಿಸಿ ಡೈರೆಕ್ಟರ್ಸ್ ಕಟ್ ಅಂತ ಬಿಟ್ಟರು, ಆಮೇಲೆ ಎಷ್ಟೋ ವರ್ಷ ಎಲ್ಲಿ ಹುಡುಕಿದರೂ ಆ ಮೂರು ಗಂಟೆಯದೇ ಕೈಗೆ ಸಿಗುತ್ತಿತ್ತು. ನಾನೂ ಒಂದು ಆ್ಯಪ್‌ನಲ್ಲಿ ಬಾಡಿಗೆ ಕೊಟ್ಟು ನೋಡುತ್ತಾ ಕೂತವನು, ಅರ್ಧ ದಾರಿಯಲ್ಲಿ ‘ಈ ದೃಶ್ಯ ಮೊದಲು ಇರಲಿಲ್ಲವಲ್ಲ’ ಅಂತ ತಲೆ ಕೆರೆದುಕೊಂಡೆ. ಯಾವ ಕಟ್ ಅಂತ ಅಲ್ಲಿ ಬರೆದೇ ಇರಲಿಲ್ಲ.

ಏನು ಮಹಾ ವ್ಯತ್ಯಾಸ ಅಂತೀರಾ? ಮೊಜಾರ್ಟ್ ಹೆಂಡತಿ ಕಾನ್‌ಸ್ಟಾಂಝೆ ಗಂಡನಿಗೆ ಹೇಳದೆ ಅವನು ಬರೆದ ಸಂಗೀತದ ಹಾಳೆಗಳನ್ನು ಆಸ್ಥಾನ ಸಂಗೀತಗಾರ ಸಾಲಿಯೇರಿಗೆ ತಂದು ತೋರಿಸುತ್ತಾಳೆ, ಒಂದು ಕೆಲಸ ಸಿಗಲಿ ಅಂತ. ಎಲ್ಲವೂ ಮೂಲ ಪ್ರತಿ. ಆದರೆ ಎಲ್ಲೂ ಕಾಟು ಹೊಡೆದಿಲ್ಲ, ತಿದ್ದಿಲ್ಲ. ಸಾಲಿಯೇರಿ ಹಾಳೆ ತಿರುವಿದ ಹಾಗೆಲ್ಲ ಅದರಲ್ಲಿರುವ ಸಂಗೀತ ನಮಗೂ ಕೇಳುತ್ತದೆ, ಒಂದು ಫಕ್ಕನೆ ನಿಂತು ಇನ್ನೊಂದು ಶುರು, ಕೊನೆಗೆ ತಡೆಯಲಾಗದೆ ಹಾಳೆಗಳನ್ನು ಕೈಯಿಂದ ಬಿಟ್ಟೇಬಿಡುತ್ತಾನೆ. ಚಿಕ್ಕ ಕಟ್‌ನಲ್ಲಿ ಅವಳಿಗೆ ಉತ್ತರ ಕೊಡದೆ ಹೊರಟುಹೋಗುತ್ತಾನೆ. ಇಂಥ ವರ ತನಗೆ ಕೊಡದೆ ಮೊಜಾರ್ಟ್‌ಗೆ ಯಾಕೆ ಕೊಟ್ಟೆ ಅಂತ ನೇರ ದೇವರ ಜೊತೆ ಜಗಳ, ಶಿಲುಬೆ ಬೆಂಕಿಗೆ.

ಉದ್ದದ ಕಟ್‌ನಲ್ಲಿ ಅವಳನ್ನು ರಾತ್ರಿ ಒಬ್ಬಳೇ ಬಾ ಅನ್ನುತ್ತಾನೆ, ಅವಳು ಬಂದು ಬಟ್ಟೆ ಬಿಚ್ಚಿದ ಮೇಲೆ ಅವಮಾನ ಮಾಡಿ ಕಳಿಸುತ್ತಾನೆ. ಕೊನೆಯಲ್ಲಿ ಅವಳು ಅವನನ್ನು ಕಂಡು ಯಾಕೆ ಅಷ್ಟು ಉರಿದು ಬೀಳುತ್ತಾಳೆ ಅನ್ನುವುದು ಇದರಿಂದ ಗೊತ್ತಾಗುತ್ತದೆ, ಒಪ್ಪುತ್ತೇನೆ. ಆದರೆ ದೇವರ ಮೇಲೆ ಮುನಿದವನು ಇಲ್ಲಿ ಮಾಮೂಲಿ ಖಳನಾಯಕ ಆಗಿಬಿಡುತ್ತಾನೆ ಅಲ್ವಾ? (ನಿಜವಾದ ಸಾಲಿಯೇರಿ ಪಾಪ, ಮೊಜಾರ್ಟ್ ಸತ್ತ ಮೇಲೆ ಅವನ ಮಗನಿಗೇ ಪಾಠ ಹೇಳಿಕೊಟ್ಟವನು.)

ಸಮಾಧಾನದ ಸಂಗತಿ ಅಂದರೆ ಥಿಯೇಟರ್ ಕಟ್ ಅನ್ನು 2025ರಲ್ಲಿ 4ಕೆಯಲ್ಲಿ ಶುಚಿ ಮಾಡಿ ಮತ್ತೆ ತಂದಿದ್ದಾರೆ. ಹಾಗಾಗಿ ಎಲ್ಲೇ ಸಿಗಲಿ, ದುಡ್ಡು ಕೊಡುವ ಮೊದಲು ಅವಧಿ ನೋಡಿ. 160ರ ಆಸುಪಾಸು ಇದ್ದರೆ ಕಣ್ಣು ಮುಚ್ಚಿ ಬಾಡಿಗೆ ತಗೊಳ್ಳಿ. 180 ಅಂತಿದ್ದರೆ, ಮೊದಲ ಸಲ ನೋಡುವವರು ಬೇರೆ ಕಡೆ ಒಮ್ಮೆ ಹುಡುಕಿ. ಮತ್ತೆ ದಯವಿಟ್ಟು ಫೋನಿನ ಸ್ಪೀಕರ್‌ನಲ್ಲಿ ಬೇಡ, ಆ ಹಾಳೆ ತಿರುವುವ ದೃಶ್ಯಕ್ಕಾದರೂ ಹೆಡ್‌ಫೋನ್ ಹಾಕಿಕೊಳ್ಳಿ.