ಮಂಗ ಸತ್ತ ಸುದ್ದಿ

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟ ವಿಷಯ ಮನುಷ್ಯನಿಗೂ ಬೇರೆ ಜೀವಿಗಳಿಗೂ ಇರುವ ನಂಟು. ತುಂಬಾ ದೊಡ್ಡದಾಯಿತು. ಇರುವೆಯಿಂದ ಆನೆವರೆಗೆ ಎಲ್ಲವೂ ಇದರಲ್ಲಿ ಬರುತ್ತದೆ. ಹಾಗಾಗಿ ನಾನು ಮಂಗ ಒಂದನ್ನೇ ಹಿಡಿದುಕೊಳ್ಳುತ್ತೇನೆ. ಅದರಲ್ಲೂ ಸತ್ತ ಮಂಗ.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೆ ಒಂದು ಸಾಯತೊಡಗಿದವು. ಅಕ್ಕಪಕ್ಕದ ಹಳ್ಳಿಗಳಲ್ಲಿ ಜನರಿಗೂ ಜ್ವರ ಬಂತು. ಸುಡುವ ಜ್ವರ, ತಡೆಯಲಾಗದ ತಲೆನೋವು, ಮೈಕೈ ನೋವು, ಕೆಲವರಿಗೆ ಮೂಗು, ಒಸಡಿನಿಂದ ರಕ್ತ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರಕ್ಕೆ ಮಂಗಗಳೂ ಸಾಯುತ್ತವೆ, ಏಷ್ಯಾಕ್ಕೆ ಆ ಜ್ವರ ಯಾವತ್ತೂ ಬಂದಿರಲಿಲ್ಲ, ಈಗ ಬಂದುಬಿಟ್ಟಿತೇ ಅಂತ ಅವರಿಗೆ ಮೊದಲು ಗಾಬರಿ. ಅದಲ್ಲ, ಬೇರೆ ಹೊಸ ವೈರಸ್ ಅಂತ ಆಮೇಲೆ ಗೊತ್ತಾಯಿತು. ಅದಕ್ಕೆ ಕ್ಯಾಸನೂರಿನ ಹೆಸರೇ ಬಿತ್ತು. ಮಲೆನಾಡಿನವರು ಅದನ್ನು ಮಂಗನ ಕಾಯಿಲೆ ಅನ್ನುತ್ತಾರೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಮಂಗ ನಮಗೆ ನೇರವಾಗಿ ಈ ಕಾಯಿಲೆ ಕೊಡುವುದಿಲ್ಲ. ಕೊಡುವುದು ಉಣುಗು, ಪ್ರಾಣಿಗಳ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳ. ಅದರ ಮರಿ ಮೊದಲು ಇಲಿ, ಸುಂಡಿಲಿಯಂಥ ಸಣ್ಣ ಪ್ರಾಣಿಗಳ ರಕ್ತ ಹೀರುತ್ತದೆ. ಸ್ವಲ್ಪ ಬೆಳೆದ ಮೇಲೆ, ಹೆಚ್ಚಾಗಿ ಚಳಿಗಾಲದಿಂದ ಬೇಸಿಗೆವರೆಗೆ, ಒಣಗಿದ ಎಲೆಗಳ ನಡುವೆ ಕಾಯುತ್ತಾ ಇರುತ್ತದೆ. ಆಗ ಅದಕ್ಕೆ ಮಂಗವೂ ಒಂದೇ, ನೀವೂ ಒಂದೇ. ದನಕ್ಕೂ ಅದು ಹತ್ತುತ್ತದೆ, ಆದರೆ ದನಕ್ಕೆ ಕಾಯಿಲೆ ಬರುವುದಿಲ್ಲ. ಕೆಂಪು ಮೂತಿಯ ಮಂಗಕ್ಕೂ ಕಪ್ಪು ಮೂತಿಯ ಮುಸುವಕ್ಕೂ ಬರುತ್ತದೆ, ಅವು ಸಾಯುತ್ತವೆ. ಸತ್ತ ಮಂಗದ ಮೈ ತಣ್ಣಗಾಗುತ್ತಿದ್ದಂತೆ ಉಣುಗುಗಳು ಇಳಿದು ಸುತ್ತಲೂ ಹರಡಿಕೊಳ್ಳುತ್ತವೆ. ಆ ದಾರಿಯಲ್ಲಿ ಹೋದ ಮನುಷ್ಯನಿಗೆ ಹತ್ತುತ್ತವೆ.

ದನ ನಮ್ಮ ಹಟ್ಟಿಯಲ್ಲೇ ಇರುತ್ತದೆ, ಮಂಗ ಕಾಡಿನಲ್ಲಿ. ಆದರೂ ಈ ಕಾಯಿಲೆಯ ವಿಷಯದಲ್ಲಿ ಮಂಗವೇ ನಮಗೆ ಹತ್ತಿರ. ಉತ್ತರ ಭಾರತದಲ್ಲಿ ಕಾಣುವ ರೀಸಸ್ ಮಂಗದ ಡಿಎನ್‌ಎಯನ್ನು 2007ರಲ್ಲಿ ಪೂರ್ತಿ ಓದಿದಾಗ ಅದು ನಮ್ಮದಕ್ಕೆ ಸುಮಾರು ಶೇ 93ರಷ್ಟು ಹೊಂದಿತು. ಈ ಹತ್ತಿರವನ್ನು ನಾವು ಚೆನ್ನಾಗಿಯೇ ಬಳಸಿಕೊಂಡಿದ್ದೇವೆ. 1955ರಲ್ಲಿ ಬಂದ ಪೋಲಿಯೊ ಲಸಿಕೆಗೆ ಬೇಕಾದ ವೈರಸ್ಸನ್ನು ಮಂಗದ ಮೂತ್ರಪಿಂಡದ ಕೋಶಗಳಲ್ಲಿ ಬೆಳೆಸುತ್ತಿದ್ದರು. ಅದಕ್ಕಾಗಿ, ಇನ್ನೂ ಬೇರೆ ಪ್ರಯೋಗಗಳಿಗಾಗಿ, ನಮ್ಮ ದೇಶದಿಂದ ಲಕ್ಷಗಟ್ಟಲೆ ರೀಸಸ್ ಮಂಗಗಳು ವಿದೇಶಕ್ಕೆ ಹೋದವು. 1978ರಲ್ಲಿ ಭಾರತ ಸರ್ಕಾರ ಈ ರಫ್ತು ನಿಲ್ಲಿಸಿತು. ಇವತ್ತು ಇಲ್ಲಿ ಎರಡೂ ಕಾಲಲ್ಲಿ ನೆಟ್ಟಗೆ ನಡೆದು ಬಂದಿರುವ ನಮ್ಮಲ್ಲಿ ಎಷ್ಟು ಜನ ಆ ಋಣದಲ್ಲಿದ್ದೇವೋ! ಮಂಗನಿಗೆ ಬಾಳೆಹಣ್ಣು ಕೊಟ್ಟು ಫೋಟೊ ತೆಗೆದರೆ ತೀರುವ ಸಾಲ ಅಲ್ಲ ಇದು. ಅಂದಹಾಗೆ ದಯವಿಟ್ಟು ಘಾಟಿಯಲ್ಲಿ ಕಾರು ನಿಲ್ಲಿಸಿ ಚಿಪ್ಸ್ ಹಾಕಬೇಡಿ. ಅದರಿಂದ ಅವು ರಸ್ತೆಗೆ ಬಂದು ಕೂರುತ್ತವೆ, ಗಾಡಿಗೆ ಸಿಕ್ಕಿ ಸಾಯುತ್ತವೆ.

ಈಗ ಜವಾಬ್ದಾರಿಯ ಮಾತು. 1980ರ ದಶಕದ ಆರಂಭದಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ ಕಡೆ ಗೇರು ತೋಟಕ್ಕಾಗಿ ಕಾಡು ಕಡಿದರು. ಅದರ ಹಿಂದೆಯೇ ಈ ಕಾಯಿಲೆ ಅಲ್ಲಿ ಎದ್ದಿತು. ಸಾವಿರಕ್ಕೂ ಜಾಸ್ತಿ ಜನರಿಗೆ ಬಂತು, ನೂರಕ್ಕೂ ಹೆಚ್ಚು ಜನ ಹೋದರು. ಕಾಡನ್ನು ಅಲ್ಲಲ್ಲಿ ತುಂಡು ಮಾಡಿದರೆ ಏನಾಗುತ್ತದೆ ನೋಡಿ. ಅಂಚು ಜಾಸ್ತಿ ಆಗುತ್ತದೆ. ಆ ಅಂಚಿನಲ್ಲಿ ಲಂಟಾನ ಅನ್ನುವ ಕಳೆ ಪೊದೆ ಬೆಳೆಯುತ್ತದೆ, ದನ ಮೇಯುತ್ತವೆ, ಉಣುಗಿಗೆ ಹೊಟ್ಟೆ ತುಂಬ ರಕ್ತ ಸಿಗುತ್ತದೆ. ಮಂಗ, ದನ, ಇಲಿ, ನಾವು, ಎಲ್ಲರೂ ಒಂದೇ ಕಡೆ ಸೇರುತ್ತೇವೆ. ಮಂಗ ಊರಿಗೆ ಬಂತು ಅಂತೀವಲ್ಲ, ಊರೂ ಅದರ ಕಾಡಿಗೆ ಹೋಗಿದೆ. 2012ರ ನಂತರ ಈ ಕಾಯಿಲೆ ಬಂಡೀಪುರ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದ ತನಕ ಕಾಣಿಸಿಕೊಂಡಿದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಆದ ಸಾವುಗಳು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ಆದರೆ ಇದರ ಬೆಲೆ ತೆರುವವರು ಯಾರು? ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರಲು ಕಾಡಿಗೆ ಹೋಗುವ ಹೆಂಗಸು. ಕೊಟ್ಟಿಗೆಗೆ, ಗೊಬ್ಬರಕ್ಕೆ ಒಣಗಿದ ಎಲೆ ಬೇಕು, ಅದು ಸಿಗುವುದು ಬೇಸಿಗೆಯಲ್ಲಿ, ಉಣುಗು ಇರುವುದೂ ಆಗಲೇ, ಅದರೊಳಗೇ. "ಕಾಡಿಗೆ ಹೋಗಬೇಡಿ" ಅಂತ ಬ್ಯಾನರ್ ಕಟ್ಟಿದರೆ ಅವಳ ಕೊಟ್ಟಿಗೆಗೆ ಹಾಸಲು ಏನು ಹಾಕಬೇಕು? ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಎಣ್ಣೆ ಕೊಡುತ್ತಾರೆ, ಒಳ್ಳೆಯದೇ. ಆದರೆ ಅದು ಸೀಸನ್ ಶುರುವಾಗುವ ಮೊದಲೇ ಮನೆ ಸೇರಬೇಕು, ಜ್ವರ ಬಂದ ಮೇಲೆ ಅಲ್ಲ. ಜೀವಿಗಳ ಬಗ್ಗೆ ಪ್ರೀತಿ ಇಟ್ಟುಕೊಳ್ಳುವುದು ನಗರದಲ್ಲಿ ಸುಲಭ, ಯಾಕೆಂದರೆ ಖರ್ಚೆಲ್ಲ ಬೇರೆಯವರದ್ದು. ಬಾಳೆ, ಏಲಕ್ಕಿ, ಎಳೆ ಅಡಿಕೆಯನ್ನು ಮಂಗಗಳಿಗೆ ಕಳೆದುಕೊಂಡ ರೈತ ಸಿಟ್ಟಾದರೆ ಅವನನ್ನು ಕ್ರೂರಿ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಹಾಗಂತ ಎಲ್ಲವನ್ನೂ ಹಿಡಿದು ಒಂದೇ ಕಡೆ ಕೂಡಿಹಾಕುವ ಮಂಕಿ ಪಾರ್ಕ್ ಯೋಚನೆ ಶಿವಮೊಗ್ಗದಲ್ಲಿ ಬಂದಾಗ ಅದನ್ನು ವಿರೋಧಿಸಿದವರದ್ದೂ ಸುಮ್ನೆ ಗಲಾಟೆ ಅಲ್ಲ. ಈ ಕಾಯಿಲೆ ಇರುವ ಜಿಲ್ಲೆಯಲ್ಲಿ ಮಂಗಗಳ ಗುಂಪನ್ನು ಒಂದೆಡೆ ಸೇರಿಸುವುದು ಉಣುಗಿಗೆ ಊಟ ಬಡಿಸಿದ ಹಾಗೆ. ನನ್ನ ಪ್ರಕಾರ ಬೆಳೆ ಪರಿಹಾರ ಬೇಗ ಕೊಡಬೇಕು, ಉಳಿದ ಕಾಡನ್ನು ಇನ್ನಷ್ಟು ತುಂಡು ಮಾಡಬಾರದು. ಇವೆರಡೂ ದುಬಾರಿ. ನಂಟು ಇದೆ ಅಂದಮೇಲೆ ಖರ್ಚೂ ಇದ್ದೇ ಇರುತ್ತದೆ, ಅಲ್ವಾ?

ಇನ್ನು ಮಲೆನಾಡಿಗೆ ಹೋಗುವವರಿಗೆ, ಅಲ್ಲೇ ಇರುವವರಿಗೆ ಒಂದು ಕೆಲಸ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಪಂಚಾಯಿತಿಗೋ ಅರಣ್ಯ ಇಲಾಖೆಗೋ ಹೇಳಿ. ಅವರು ಮಾದರಿ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಸುತ್ತಲೂ ಉಣುಗು ಸಾಯಿಸುವ ಪುಡಿ ಹಾಕುತ್ತಾರೆ. ಊರಲ್ಲಿ ಯಾರಿಗೂ ಜ್ವರ ಬರುವ ಮೊದಲೇ ಎಚ್ಚರಿಕೆ ಕೊಡುವುದು ಎಷ್ಟೋ ಸಲ ಆ ಸತ್ತ ಮಂಗವೇ.

ಲಸಿಕೆ ಇಲ್ಲವಾ ಅಂತ ಖಂಡಿತ ಯಾರಾದರೂ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಹಳೆಯದೊಂದು ಇತ್ತು, ಸಾಕಷ್ಟು ರಕ್ಷಣೆ ಕೊಡುತ್ತಿಲ್ಲ ಅಂತ ನಿಲ್ಲಿಸಿದರು. ಹೊಸದರ ಕೆಲಸ ನಡೆಯುತ್ತಿದೆ. ಬೇರೆ ಪ್ರಶ್ನೆಗಳಿದ್ದರೆ ಕೇಳಿ.