ಹೆಣೆದುಕೊಂಡ ಹಾವುಗಳು ನಿಜವಾಗಿ ಏನು ಮಾಡುತ್ತಿವೆ?

[ದೃಶ್ಯ: ಎರಡು ಕೇರೆ ಹಾವುಗಳು ಹಗ್ಗ ಹೊಸೆದ ಹಾಗೆ ಸುತ್ತಿಕೊಂಡು, ತಲೆ ಎತ್ತಿ ತೂಗಾಡುತ್ತಿವೆ]

ಈ ಥರದ ವಿಡಿಯೋ ನಿಮ್ಮ ಫೋನಿಗೂ ಬಂದಿರುತ್ತದೆ. ಹಿಂದೆ ಒಂದು ಪ್ರೇಮಗೀತೆ, ಕೆಳಗೆ ನಾಲ್ಕು ಕೆಂಪು ಹೃದಯ. "ಹಾವುಗಳ ಸರಸ" ಅಂತ ಹೆಸರು ಬೇರೆ.

ಸರಸ ಅಲ್ಲ, ಇದು ಕುಸ್ತಿ. ಹೀಗೆ ಮೇಲೆದ್ದು ಹೆಣೆದುಕೊಳ್ಳುವ ಜೋಡಿ ಸಾಮಾನ್ಯವಾಗಿ ಎರಡೂ ಗಂಡು. ಹೆಣ್ಣಿಗಾಗಿ ಪೈಪೋಟಿ ನಡೆದಿರುತ್ತದೆ. ಎದುರಾಳಿಯ ತಲೆಯನ್ನು ನೆಲಕ್ಕೆ ಒತ್ತಿದವನು ಗೆದ್ದ. ಸೋತವನು ಸುಮ್ನೆ ಜಾಗ ಖಾಲಿ ಮಾಡುತ್ತಾನೆ, ಕಚ್ಚಾಟ ಅಪರೂಪ. ನಿಜವಾದ ಮಿಲನದಲ್ಲಿ ಇಷ್ಟು ಆರ್ಭಟ ಇರುವುದಿಲ್ಲ. ಹೆಚ್ಚಾಗಿ ನೆಲದ ಮೇಲೆ ಮೈಗೆ ಮೈ ತಾಗಿಸಿ ಮಲಗಿ, ಬಾಲ ಸುತ್ತಿಕೊಂಡಿರುತ್ತವೆ. ಅದನ್ನು ಯಾರೂ ವಿಡಿಯೋ ಮಾಡಿ ಹಂಚುವುದಿಲ್ಲ, ನೋಡೋಕೆ ಅಷ್ಟೇನೂ ಚೆಂದ ಇಲ್ಲ ನೋಡಿ.

ಹಾವು ಏನೇ ಮಾಡಲಿ, ನಾವು ಅದಕ್ಕೊಂದು ಮನುಷ್ಯನ ಮನಸ್ಸು ಅಂಟಿಸಿಬಿಡುತ್ತೇವೆ. ಸೇಡಿನ ಕಥೆಯೂ ಹಾಗೇ. ಒಂದು ಏಟು ಹಾಕಿದರೆ ಮುಖ ನೆನಪಿಟ್ಟುಕೊಂಡು ಹನ್ನೆರಡು ವರ್ಷ ಆದ ಮೇಲೂ ಹುಡುಕಿಕೊಂಡು ಬರುತ್ತದಂತೆ! ಅಂಥ ಹಗೆ ಸಾಧಿಸುವ ಮಿದುಳು ಹಾವಿಗಿಲ್ಲ. ಹಾಗಾದರೆ ಒಂದನ್ನು ಕೊಂದ ಜಾಗಕ್ಕೆ ಇನ್ನೊಂದು ಯಾಕೆ ಬರುತ್ತದೆ? ಮೊದಲನೆಯದು ಬಂದ ಕಾರಣಕ್ಕೇ. ಇಲಿ ಇದೆ, ಕಪ್ಪೆ ಇದೆ, ಅಡಗೋಕೆ ಸಂದಿ ಇದೆ. ಮಿಲನದ ಕಾಲದಲ್ಲಿ ಗಂಡು ಹಾವು ಹೆಣ್ಣಿನ ವಾಸನೆಯ ಜಾಡು ಹಿಡಿದು ಬರುವುದೂ ಉಂಟು.

"ದುರುಗುಟ್ಟಿ ನೋಡ್ತಿತ್ತು" ಅನ್ನುತ್ತಾರೆ. ಪಾಪ, ಅದಕ್ಕೆ ರೆಪ್ಪೆಯೇ ಇಲ್ಲ! ಕಣ್ಣಿನ ಮೇಲೆ ಗಾಜಿನಂಥ ಒಂದು ಹುರುಪೆ ಇರುತ್ತದೆ, ನಿದ್ದೆ ಮಾಡುವಾಗಲೂ ಕಣ್ಣು ತೆರೆದೇ ಇರುತ್ತದೆ. ಪೊರೆ ಬಿಡುವಾಗ ಆ ಹುರುಪೆಯೂ ಕಳಚಿಕೊಳ್ಳುತ್ತದೆ. ಅದಕ್ಕೆ ಕೆಲವು ದಿನ ಮುಂಚೆ ಕಣ್ಣು ಮಂಜಾಗಿ, ಸರಿಯಾಗಿ ಕಾಣಿಸುವುದಿಲ್ಲ. ಆಗ ಹಾವು ಬೇಗ ರೇಗುತ್ತದೆ.

[ದೃಶ್ಯ: ನಾಲಿಗೆ ಚಾಚುತ್ತಿರುವ ಹಾವಿನ ತಲೆ, ತೀರಾ ಹತ್ತಿರದಿಂದ]

ನನಗೆ ಜಾಸ್ತಿ ಇಷ್ಟವಾದ ಭಾಗ ಈ ನಾಲಿಗೆ. ಇದು ಚುಚ್ಚುವುದಿಲ್ಲ, ಇದರಲ್ಲಿ ವಿಷವೂ ಇಲ್ಲ. ಗಾಳಿಯಲ್ಲಿ, ನೆಲದ ಮೇಲೆ ಇರುವ ವಾಸನೆಯ ಕಣಗಳನ್ನು ಹಿಡಿದು ಒಳಗೆ ಒಯ್ಯುತ್ತದೆ. ಬಾಯಿಯ ಮೇಲ್ಭಾಗದಲ್ಲಿ ಜೇಕಬ್ಸನ್ ಅಂಗ ಅಂತ ಒಂದಿದೆ, ವಾಸನೆ ಗೊತ್ತಾಗುವುದು ಅಲ್ಲಿ. ಸರಿ, ಎರಡು ತುದಿ ಯಾಕೆ? ಎಡತುದಿಗೆ ವಾಸನೆ ಜಾಸ್ತಿ ಸಿಕ್ಕಿದರೆ ಬೇಟೆ ಎಡಕ್ಕೆ ಹೋಗಿದೆ ಅಂತ ಲೆಕ್ಕ. ಸದ್ದು ಯಾವ ಕಡೆಯದು ಅಂತ ನಮ್ಮ ಎರಡು ಕಿವಿ ಹೇಳುತ್ತವಲ್ಲ, ಹಾಗೆ. ಸುಳ್ಳು ಹೇಳುವವರಿಗೆ ನಾವು "ಎರಡು ನಾಲಿಗೆ" ಅನ್ನುತ್ತೇವೆ. ಹಾವಿಗೆ ಅದೇ ದಾರಿ ತೋರಿಸುವುದು.

ಹಾವು ಕಿವುಡು ಅನ್ನುವುದೂ ಪೂರ್ತಿ ನಿಜವಲ್ಲ. ಹೊರಕಿವಿ ಇಲ್ಲ, ತಮಟೆಯೂ ಇಲ್ಲ, ಆದರೆ ಒಳಕಿವಿ ಇದೆ. ನೆಲದ ಅದುರು ದವಡೆಯ ಮೂಲಕ ಅಲ್ಲಿಗೆ ಮುಟ್ಟುತ್ತದೆ. 2012ರಲ್ಲಿ ಹೆಬ್ಬಾವಿನ ಒಂದು ಜಾತಿಯ ಮೇಲೆ ಪರೀಕ್ಷೆ ಮಾಡಿದಾಗ, ಗಾಳಿಯಲ್ಲಿ ಬರುವ ಸದ್ದಿನಲ್ಲಿ 80ರಿಂದ 160 ಹರ್ಟ್ಜ್‌ನ ದಪ್ಪ ದನಿ ಅದಕ್ಕೆ ಚೆನ್ನಾಗಿ ಗೊತ್ತಾಗುತ್ತಿತ್ತು. ಕೀರಲು ದನಿ ನಮಗೆ ಬಿಟ್ಟಿದ್ದು.

ಹಾಲು? ಅದು ಹಾವಿನ ಆಹಾರವೇ ಅಲ್ಲ. ತುಂಬ ಬಾಯಾರಿದರೆ ನೀರಿನ ಬದಲು ಕುಡಿದೀತು, ಅಷ್ಟೇ. ಹಸುವಿನ ಕೆಚ್ಚಲಿಗೆ ಬಾಯಿ ಹಾಕುತ್ತದೆ ಅನ್ನುವ ಕಥೆ ಅಮೆರಿಕದಲ್ಲೂ ಇದೆ, ಅಲ್ಲಿ ಒಂದು ಹಾವಿಗೆ ಮಿಲ್ಕ್ ಸ್ನೇಕ್ ಅಂತಲೇ ಹೆಸರು. ಹೀರೋಕೆ ಬೇಕಾದ ತುಟಿ ಹಾವಿಗಿಲ್ಲ. ಇರುವುದು ಸೂಜಿಯಂಥ, ಹಿಂದಕ್ಕೆ ಬಾಗಿದ ಹಲ್ಲು. ಯಾವ ಹಸು ನಿಂತೀತು?

ಇನ್ನು ವಿಷ. ಸುಮಾರು 4,000 ಜಾತಿಯ ಹಾವುಗಳಲ್ಲಿ ವಿಷ ಇರುವುದು 600ರಷ್ಟಕ್ಕೆ. ತ್ರಿಕೋನದ ತಲೆ ಇದ್ದರೆ ವಿಷದ್ದು ಅಂತ ನಂಬಬೇಡಿ. ನಾಗರಹಾವಿಗೆ ಆ ಆಕಾರ ಇಲ್ಲ. ಎಷ್ಟೋ ಸಾಧು ಹಾವುಗಳು ಹೆದರಿಸೋಕೆ ತಲೆಯನ್ನು ಚಪ್ಪಟೆ ಮಾಡಿ ಆ ಆಕಾರ ತಂದುಕೊಳ್ಳುತ್ತವೆ.

ವಿಷದ ಹಾವು ಕೆಲವೊಮ್ಮೆ ವಿಷ ಬಿಡದೆಯೂ ಕಚ್ಚುತ್ತದೆ. ಹಾಗೆ ಕಚ್ಚಿಸಿಕೊಂಡವರು ಯಾವ ಬೇರು ಅರೆದು ಕುಡಿದರೂ ಬದುಕುತ್ತಾರೆ, ಹೆಸರು ಬೇರಿಗೆ ಬರುತ್ತದೆ. ಇದೇ ನಂಬಿಕೆಯಿಂದ ಮುಂದಿನವರ ಜೀವ ಹೋಗುವುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಇಡೀ ಜಗತ್ತಿನಲ್ಲಿ ವರ್ಷಕ್ಕೆ 81,000ದಿಂದ 1,38,000 ಜನ ಹಾವು ಕಚ್ಚಿ ಸಾಯುತ್ತಾರೆ. ಕಚ್ಚಿದ ಜಾಗ ಕುಯ್ಯಬೇಡಿ, ಬಾಯಲ್ಲಿ ಹೀರಬೇಡಿ, ಬಿಗಿಯಾಗಿ ಹಗ್ಗ ಕಟ್ಟಬೇಡಿ. ಉಂಗುರ, ಬಳೆ ತೆಗೆಯಿರಿ. ಆ ಕೈಯನ್ನೋ ಕಾಲನ್ನೋ ಅಲುಗಾಡಿಸದೆ ಆಸ್ಪತ್ರೆಗೆ ಹೊರಡಿ.

ಡಾಕ್ಟರಿಗೆ ತೋರಿಸೋಕೆ ಅಂತ ಹಾವನ್ನು ಹೊಡೆದು ಹಿಡಿದುಕೊಂಡು ಹೋಗಬೇಡಿ. ದೂರದಿಂದ ಒಂದು ಫೋಟೋ ಸಿಕ್ಕಿದರೆ ಸರಿ, ಇಲ್ಲದಿದ್ದರೂ ಲಕ್ಷಣ ನೋಡಿ ಚಿಕಿತ್ಸೆ ಕೊಡುತ್ತಾರೆ. ಕಡಿದು ಬೇರೆ ಮಾಡಿದ ತಲೆ ಕೂಡ ಎಷ್ಟೋ ಹೊತ್ತಿನ ತನಕ ಕಚ್ಚಬಲ್ಲದು, ವಿಷವನ್ನೂ ಬಿಡಬಲ್ಲದು.