ಹಲಸಿನ ಮೇಣ, ಕೊಬ್ಬರಿ ಎಣ್ಣೆ, ನನ್ನ ಹಾಳಾದ ಅಂಗಿ

ಈ ಕೈ ನೋಡಿ. ನನ್ನದೇ. ಐದೂ ಬೆರಳು ಒಂದಕ್ಕೊಂದು ಅಂಟಿಕೊಂಡಿವೆ.

ಗುಬ್ಬಿ ತಾಲ್ಲೂಕಿನ ಚೇಳೂರಿನ ಹತ್ತಿರ ನಮ್ಮ ಅಜ್ಜಿ ಮನೆ. ಸಿದ್ದು ಹಲಸಿನ ಹೆಸರು ಕೇಳಿರುತ್ತೀರಿ, ಕೆಂಪು ತೊಳೆಯದ್ದು. ಅದು ಈ ಕಡೆಯದೇ. ಆದರೆ ಇವತ್ತು ನಾನು ಹೆಚ್ಚಿದ್ದು ಹಿತ್ತಲಿನ ಮಾಮೂಲಿ ಹಣ್ಣು. ಎಣ್ಣೆ ಹಚ್ಚಿದ ಕೈ ಕ್ಯಾಮೆರಾದಲ್ಲಿ ಜಿಡ್ಡಾಗಿ ಕಾಣುತ್ತದೆ ಅಲ್ವಾ, ಅದಕ್ಕೇ ಎಣ್ಣೆ ಹಚ್ಚದೆ ಮಚ್ಚು ಹಿಡಿದೆ. ಎಂಥಾ ಬುದ್ಧಿವಂತ!

ಮೇಣ ಮೆತ್ತಿಕೊಂಡಿತು. ಸೀದಾ ನೀರಿನ ತೊಟ್ಟಿಗೆ ಓಡಿದೆ. ಎಷ್ಟು ತೊಳೆದರೂ ಹೋಗಲಿಲ್ಲ. ಅಂಗಿಗೆ ಒರೆಸಿಕೊಂಡೆ, ಅಂಗಿಯೂ ಹೋಯಿತು. ಅಜ್ಜಿ ನಕ್ಕರು. "ನೀರಿಗೆಲ್ಲ ಬಗ್ಗಲ್ಲ ಕಣೋ ಅದು, ಬಾ ಇಲ್ಲಿ" ಅಂತ ಅಂಗೈಗೆ ಕೊಬ್ಬರಿ ಎಣ್ಣೆ ಸುರಿದರು. ಎರಡು ನಿಮಿಷ ತಿಕ್ಕಿದೆ. ಮೇಣ ಉಂಡೆ ಉಂಡೆಯಾಗಿ ಬಿಟ್ಟು ಬಂತು.

ಎಣ್ಣೆಗೂ ನೀರಿಗೂ ಆಗಿಬರಲ್ಲ, ಹಾವು ಮುಂಗುಸಿ ಥರ ಅಂತ ನಾನು ತುಂಬಾ ದಿನ ನಂಬಿದ್ದೆ. ಹಾಗೇನಿಲ್ಲ. ಅವೆರಡರ ನಡುವೆ ಸಣ್ಣ ಸೆಳೆತವೇ ಇದೆ. ವಿಷಯ ಇರುವುದು ನೀರಿನ ಒಳಗೆ. ನೀರಿನ ಅಣುವಿನಲ್ಲಿ ಆಕ್ಸಿಜನ್ ಕಡೆ ಸ್ವಲ್ಪ ಮೈನಸ್, ಎರಡು ಹೈಡ್ರೋಜನ್ ಕಡೆ ಸ್ವಲ್ಪ ಪ್ಲಸ್. ಒಂದರ ಪ್ಲಸ್ಸು ಪಕ್ಕದ್ದರ ಮೈನಸ್ಸನ್ನು ಹಿಡಿದುಕೊಂಡಿರುತ್ತದೆ. ಮದುವೆ ಮನೆಯಲ್ಲಿ ಅಕ್ಕತಂಗಿಯರು ಗುಂಪು ಕಟ್ಟಿ ಕೂತಿರುತ್ತಾರಲ್ಲ, ಹಾಗೆ. ಹೊಸಬರ ಮೇಲೆ ಸಿಟ್ಟಿಲ್ಲ. ಅವರ ಮಾತೇ ಮುಗಿದಿಲ್ಲ, ಅಷ್ಟೇ.

ಸಕ್ಕರೆಗೆ ಆ ಗುಂಪಿನ ಭಾಷೆ ಬರುತ್ತದೆ. ಅದರ ಮೈಮೇಲೂ ಅಂಥದೇ ಪ್ಲಸ್ಸು ಮೈನಸ್ಸು ಇವೆ. 100 ಮಿಲಿ ನೀರಿನಲ್ಲಿ ಸುಮಾರು 200 ಗ್ರಾಂ ಸಕ್ಕರೆ ಕರಗುತ್ತದೆ. ನಂಬಿಕೆ ಬರದೆ ನಾನೇ ಹಾಕಿ ನೋಡಿದೆ. ಉಪ್ಪು 36 ಗ್ರಾಂ ದಾಟಿದರೆ ತಳದಲ್ಲಿ ಕೂರುತ್ತದೆ.

ಮೇಣದಲ್ಲಿ ಇರುವುದು ರಬ್ಬರು, ರಾಳದಂಥವು. ಪ್ಲಸ್ಸು ಮೈನಸ್ಸಿನ ಗೊಡವೆ ಇಲ್ಲವೇ ಇಲ್ಲ ಅನ್ನಬಹುದು. ಎಣ್ಣೆಯೂ ಹೆಚ್ಚುಕಡಿಮೆ ಹಾಗೇ. ಅದಕ್ಕೇ ಎಣ್ಣೆ ಮೇಣದೊಳಗೆ ಇಳಿದು, ಮೆತ್ತಗೆ ಮಾಡಿ, ಚರ್ಮದಿಂದ ಬಿಡಿಸುತ್ತದೆ. ಕೊನೆಗೆ ಉಳಿದ ಜಿಡ್ಡಿಗೆ ಸೋಪು. ಸೋಪಿನ ಅಣುವಿನ ಒಂದು ತುದಿ ನೀರಿನ ಕಡೆ, ಬಾಲ ಎಣ್ಣೆಯ ಕಡೆ. ಮದುವೆ ದಲ್ಲಾಳಿ!

ಅಡುಗೆಮನೆಗೆ ಇದು ಹಳೇ ಸುದ್ದಿ. ಟೊಮೆಟೊ ಸಾರಿನ ಮೇಲೆ ತೇಲುವ ಎಣ್ಣೆ ಕೆಂಪಗಿರುತ್ತದೆ, ಗಮನಿಸಿದ್ದೀರಾ? ಟೊಮೆಟೊ, ಮೆಣಸಿನಕಾಯಿಯ ಬಣ್ಣಗಳು ಎಣ್ಣೆಗೇ ಇಳಿಯುವುದು. ಖಾರವೂ ಅಷ್ಟೇ. ಬಾಯಿ ಉರಿದಾಗ ನೀರು ಕುಡಿದು ಪ್ರಯೋಜನವಿಲ್ಲ, ಮೊಸರು ತಿನ್ನಿ.

ಆದರೆ ಮೇಣದ ಮುಂದೆ ಸೋತ ಇದೇ ನೀರು ಕಲ್ಲಿಗೆ ಬಗ್ಗುವುದಿಲ್ಲ. ನಮ್ಮದೇ ಜಿಲ್ಲೆಯ ಪಾವಗಡವನ್ನು ನೋಡಿ. ಗ್ರಾನೈಟ್ ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡ್ ಅನ್ನು ಚೂರು ಚೂರೇ ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ದಾಟಬಾರದು. ಬೇರೆ ಗತಿಯೇ ಇಲ್ಲದಿದ್ದರೆ 1.5 ತನಕ. ಅದನ್ನೂ ಮೀರಿದ ಬೋರ್‌ವೆಲ್ ನೀರು ಕುಡಿದು ಹಲ್ಲು ಕಂದಾದವರು, ಮೂಳೆ ನೋವಿನಿಂದ ಬಗ್ಗಿ ನಡೆಯುವವರು ಆ ಕಡೆ ಇದ್ದಾರೆ. ನೀರು ಮಾತ್ರ ಕನ್ನಡಿಯಷ್ಟು ತಿಳಿ. ಕಸವಾಗಿದ್ದರೆ ಬಟ್ಟೆಯಲ್ಲಿ ಸೋಸಬಹುದಿತ್ತು. ಕರಗಿದ್ದನ್ನು ಹೇಗೆ ಸೋಸೋದು? ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಅಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ. ಅದಕ್ಕೇ ಊರೂರಲ್ಲಿ ಕರಗಿದ್ದನ್ನೂ ತೆಗೆಯುವ ಆರ್‌ಓ ಘಟಕ, ಬಿಂದಿಗೆಗಳ ಸಾಲು.

ಅಂಗಿ ಏನಾಯಿತು ಅಂತ ಕೇಳುತ್ತೀರಿ. ಸೀಮೆಎಣ್ಣೆ ಹಚ್ಚಿದರೆ ಹೋಗುತ್ತೆ ಅಂದರು ಅಜ್ಜಿ. ಮೂರು ಅಂಗಡಿ ಸುತ್ತಿದೆ. ಸೀಮೆಎಣ್ಣೆ ಕೇಳಿದ್ದಕ್ಕೆ ಮೂರನೆಯವರು ನನ್ನ ವಯಸ್ಸು ಕೇಳಿದರು.